ಬಣ್ಣವಲ್ಲದ ಕೆಂಪು

ಬುಧವಾರ, ಮಧ್ಯಾಹ್ನ
ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು

ಪ್ರೀತಿಯ ತಂಗಿಗೆ,

ಕ್ಷೇಮ ಸಮಾಚಾರ ಮೊದಲು. ನಿನ್ನ ಮಗಳು ಚೂಟಿಯ ಜ್ವರ ಇಳಿದಿದೆ. ಬೆಳಿಗ್ಗೆ ಅರ್ಧ ಲೋಟ ಹಾಲು ಕುಡಿದು, ಇನ್ನರ್ಧಕ್ಕೆ ನರ್ಸಮ್ಮನ ಜೊತೆ ಜಗಳವಾಡಿದಳು. ಆದರೆ ಹೃದಯದ ಊತ ಇನ್ನೂ ಇದೆ. ನಾಳೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ, ಊತ ಕಡಿಮೆಯಾಗಿದ್ದರೆ ಗೆದ್ದೆವು. ಈ ಕಾಗದವನ್ನು ನಿನ್ನ ಭಾವನ ಕೈಯಲ್ಲಿ ಕೊಟ್ಟು ಸ್ಟೇಷನ್ನಿಗೆ ಕಳಿಸಿದ್ದೇನೆ. ಇಲ್ಲಿಗೆ ಬರುವ ದಾರಿಯಲ್ಲೇ ಓದಿಬಿಡು. ಎದುರಿಗೆ ನಿಂತು ಹೇಳುವ ಮುಖ ನನಗಿಲ್ಲ.

ಇದ್ದಕ್ಕಿದ್ದಂತೆ ಜ್ವರ ಬಂತು ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಅರ್ಧ ಸುಳ್ಳು.

ಹೋದ ತಿಂಗಳು ಆ ವೈರಸ್ ಜ್ವರ ನಮ್ಮ ಮನೆಯಲ್ಲಿ ಯಾರನ್ನೂ ಬಿಡಲಿಲ್ಲ. ಚೂಟಿಗೆ ಮಾತ್ರ ಒಂಚೂರು ಮೂಗು ಸೋರಿ ನಿಂತುಹೋಯಿತು. ನನ್ನ ಆರೈಕೆ ಅಂದರೆ ಏನಂದುಕೊಂಡೆ ಎಂದು ನಿನ್ನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಮೊನ್ನೆ ಶುಕ್ರವಾರ ಅವಳು ಹೊಟ್ಟೆನೋವು ಅಂದಳು. ಶಾಲೆ ತಪ್ಪಿಸುವ ಆಟ ಅಂದುಕೊಂಡೆ. ಶನಿವಾರ ನೋಡಿದರೆ ಅಂಗೈ ಕೆಂಪು, ತುಟಿ ಕೆಂಪು, ಕಣ್ಣೂ ಕೆಂಪು.

ಆ ವಾರ ನಮ್ಮ ಶೆಡ್ಡಿನಲ್ಲಿ ನೂಲಿಗೆ ಕೆಂಪು ಬಣ್ಣ ಹಾಕುತ್ತಿದ್ದೆವು. ಬಣ್ಣದ ತೊಟ್ಟಿ ಬಾಗಿಲ ಪಕ್ಕದಲ್ಲೇ ಇತ್ತು. ಮದುವೆಯಾದಾಗಿನಿಂದ ಬಣ್ಣದಲ್ಲಿ ಕೈ ಅದ್ದಿಕೊಂಡೇ ಬದುಕಿದವಳಿಗೆ ಮಗುವಿನ ಕೈ ಕೆಂಪಾದರೆ ಇನ್ನೇನು ಹೊಳೆಯಬೇಕು ಹೇಳು. ತುಟಿಗೂ ಬಳಿದುಕೊಂಡಿದ್ದಾಳೆ, ಅದೇ ಕೈಯಿಂದ ಕಣ್ಣುಜ್ಜಿಕೊಂಡಿದ್ದಾಳೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ನನ್ನ ಕೋಪ ಮೂಗಿನ ತುದಿಯಲ್ಲಿರುವುದು ನಿನಗೆ ಗೊತ್ತಿದ್ದದ್ದೇ. ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ, ನಾವು ಕೆಲಸ ಮುಗಿಸಿ ಕೈ ತಿಕ್ಕಿಕೊಳ್ಳುವ ಒರಟು ಬ್ರಷ್ಷಿನಲ್ಲಿ ತಿಕ್ಕಿದೆ. "ಉರಿಯತ್ತೆ ದೊಡ್ಡಮ್ಮ" ಅಂದಳು. "ಉರೀಲಿ, ಆಗ್ಲೇ ನೆನಪಿರೋದು" ಅಂದೆ. ಹೌದು, ನಾನೇ ಅಂದೆ. ಮೈ ಸುಡುತ್ತಿದ್ದದ್ದು ಕೈಗೆ ತಾಗಿತ್ತು. ದಿನವಿಡೀ ಬಿಸಿನೀರಿನಲ್ಲಿ ನೂಲು ಆಡಿಸುವ ಈ ದರಿದ್ರ ಕೈಗೆ ಅದು ಜ್ವರ ಅನ್ನಿಸಲೇ ಇಲ್ಲ.

ಭಾನುವಾರ ಅವಳಿಗೆ ಬೆರಳು ಮಡಚಲು ಆಗಲಿಲ್ಲ. ಹೊಟ್ಟೆಯ ಮೇಲೆಲ್ಲ ಗಂಧೆ ಎದ್ದಿತ್ತು. ನಿನ್ನ ಭಾವನೇ ಹೊತ್ತುಕೊಂಡು ಓಡಿದರು. ಡಾಕ್ಟರಮ್ಮ ಅಂಗೈ ಒತ್ತಿ ನೋಡಿ, ಹೋದ ತಿಂಗಳು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ ಎಂದು ಕೇಳಿದರು. ವೈರಸ್ ಹೋದ ಮೇಲೂ ಕೆಲವು ಮಕ್ಕಳ ಮೈ ಕಾದಾಟ ನಿಲ್ಲಿಸುವುದಿಲ್ಲವಂತೆ. ಅದು ತನ್ನ ಮೇಲೇ ತಿರುಗಿ ಚರ್ಮ, ಕರುಳು, ಹೃದಯ ಎಲ್ಲ ಊದಿಕೊಳ್ಳುತ್ತವಂತೆ. ಅಪರೂಪವಂತೆ. ಆ ಅಪರೂಪ ನಮ್ಮ ಮನೆಯನ್ನೇ ಹುಡುಕಿಕೊಂಡು ಬಂತು. ನರಕ್ಕೆ ಔಷಧಿ ಹಾಕಿದ ಮೇಲೆ ಜ್ವರ ಬಿಟ್ಟಿತು.

ಅಂಗೈ ಚರ್ಮ ಯಾಕೆ ಹೀಗೆ ಸುಲಿದಿದೆ ಎಂದು ಡಾಕ್ಟರಮ್ಮ ಕೇಳಿದರು. ನಾನು ತಿಕ್ಕಿದ್ದನ್ನು ನಿನ್ನ ಭಾವನೇ ಹೇಳಿದರು. ಶನಿವಾರವೇ ಕರೆತಂದಿದ್ದರೆ ಹೃದಯಕ್ಕೆ ಇಷ್ಟಾಗುತ್ತಿರಲಿಲ್ಲವೇ ಎಂದು ಆಮೇಲೆ ಡಾಕ್ಟರಮ್ಮನನ್ನು ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ ಅಂದರು. ಇಲ್ಲ ಎಂದೂ ಹೇಳಲಿಲ್ಲ.

ದೂರದ ಫ್ಯಾಕ್ಟರಿಗೆ ಕೆಲಸಕ್ಕೆ ಹೊರಟಾಗ ನನ್ನನ್ನು ನಂಬಿ ಅವಳನ್ನು ಬಿಟ್ಟುಹೋದೆ. ಬೈಯಬೇಕು ಅನ್ನಿಸಿದರೆ ಬೈ, ತುಟಿ ಬಿಚ್ಚುವುದಿಲ್ಲ. ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅಂದರೂ ತಡೆಯುವುದಿಲ್ಲ. ಅವಳಿಲ್ಲದ ಮನೆಯಲ್ಲಿ ಹೇಗಿರುತ್ತೇನೋ, ಅದು ನನ್ನ ಪಾಡು.

ತಲೆ ತಗ್ಗಿಸಿ ಕೂತಿರುವ
ನಿನ್ನ ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ತಿಕ್ಕುವಾಗ ಅವಳು "ನಾನು ಮುಟ್ಟಿಲ್ಲ, ಮುಟ್ಟಿಲ್ಲ" ಅನ್ನುತ್ತಲೇ ಇದ್ದಳು. ಸುಳ್ಳು ಹೇಳುತ್ತೀಯಾ ಎಂದು ಇನ್ನೂ ಜೋರಾಗಿ ತಿಕ್ಕಿದೆ. ಕೊನೆಗೆ "ಹೂಂ, ಮುಟ್ಟಿದೆ" ಅಂದಳು. ಆಗ ಬಿಟ್ಟೆ. ಇವತ್ತು ಬೆಳಿಗ್ಗೆ ನನ್ನ ಕಿವಿ ಹತ್ತಿರಕ್ಕೆಳೆದುಕೊಂಡು, "ತೊಟ್ಟಿ ಮುಟ್ಟಿದ್ದಕ್ಕೆ ಹೀಗಾಯ್ತು ಅಂತ ಅಮ್ಮಂಗೆ ಹೇಳ್ಬೇಡ" ಅಂದಳು. ನೀನು ಮುಟ್ಟಿಲ್ಲ ಕಂದಾ ಎಂದು ಎಷ್ಟು ಹೇಳಿದರೂ ನಂಬುತ್ತಿಲ್ಲ. "ಮುಟ್ಟಿದ್ದೆ, ನೀನೇ ಹೇಳಿದ್ಯಲ್ಲ" ಅನ್ನುತ್ತಾಳೆ. ನೀನು ಒಳಗೆ ಹೋದವಳು ಮೊದಲು ಅದೊಂದನ್ನು ಅವಳಿಗೆ ಹೇಳು. ನಿನ್ನ ಮಾತನ್ನಾದರೂ ನಂಬಿಯಾಳು.