ಎಡಕ್ಕೆ ಇಪ್ಪತ್ತು ಮೀಟರ್

ಜನವರಿ ೬, ಶನಿವಾರ

ಎಂಟಕ್ಕೆ ಸೈಟು. ಇಂಡಿ ಊರಿನ ರೂಮಿನಿಂದ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ಬರೀ ಧೂಳು. ಸಿಂದಗಿ ರಸ್ತೆ ಅಗಲ ಮಾಡುವ ಮುಂಚೆ ಮಣ್ಣಿನಡಿ ಏನಿದೆ ಎಂದು ಅಗೆದು ನೋಡಲು ಪುರಾತತ್ವದವರಾದ ನಮಗೆ ಕೊಟ್ಟಿದ್ದು ನಲವತ್ತು ದಿನ. ಮುಗಿಯಿತು. ಟೀಮಿನವರೆಲ್ಲ ನಿನ್ನೆ ಧಾರವಾಡಕ್ಕೆ ವಾಪಸ್. ಗುಂಡಿಗಳ ಉಳಿದ ಡ್ರಾಯಿಂಗಿಗೆ ನಾನೊಬ್ಬಳು. "ವಿದ್ಯಾವತಿಗೇನು ಮನಿ ಐತೋ ಮಠ ಐತೋ, ಇರ್ಲಿ ಬಿಡ್ರಿ" ಅಂದರಂತೆ ಅಲ್ಲಿಯ ನಮ್ಮ ಸರ್. ನಿಜವೇ. ನಿಜ ಅಂತಲೇ ಸಿಟ್ಟು ಬಂತು.

ಜೊತೆಗೆ ಕಾವಲಿನ ಮಾಳಿಂಗ. ಕುರಿ ಕಾಯುವವ. ಕುರಿಗಳ ಜೊತೆ ಆಡುವಷ್ಟು ಮಾತೂ ನನ್ನ ಜೊತೆ ಇಲ್ಲ.

ಜ. ೯, ಮಂಗಳವಾರ

ಮಧ್ಯಾಹ್ನ ಕಡೆಯ ಗುಂಡಿಯ ಗೋಡೆ ಕೆರೆಯುತ್ತಿದ್ದೆ... ಗಡಿಗೆಯ ಕಂಠ! ಬೂದು ಬಣ್ಣದ್ದು, ಬಾಯಿಗೆ ಬೋಗುಣಿ ಮುಚ್ಚಿದ್ದಾರೆ. ಬಿರುಕಿನಲ್ಲಿ ಟಾರ್ಚ್ ಬಿಟ್ಟೆ. ಪುಟ್ಟ ತಲೆಬುರುಡೆ. ಕೂಸು. ಗಡಿಗೆಯಲ್ಲಿಟ್ಟು ಹೂತು ಮೂರು ಸಾವಿರ ವರ್ಷಕ್ಕೆ ಕಡಿಮೆ ಇಲ್ಲ.

ಸರ್‌ಗೆ ಫೋನ್. "ನೀವ ಎತ್ತಬ್ಯಾಡ್ರಿ, ಪುಡಿ ಆಗತೈತಿ. ಸಂಕ್ರಾಂತಿ ಹಬ್ಬ ಮುಗೀಲಿ. ಮುಂದಿನ ಬುಧವಾರ ಗಡಿಗಿಗೆ ಪ್ಲಾಸ್ಟರ್ ಹಾಕಾವ್ರನ್ನ ಕರ್ಕೊಂಡ ಹೋಗ್ರಿ."

ಟಾರ್ಪಾಲ್ ಹೊದಿಸೋಣ ಎಂದರೆ ಮಾಳಿಂಗ ಬೇಡವೆಂದ. "ನಿಧಿ ಐತಿ ಅಂತ ತಿಳದು ಅಗೀತಾರ್ರಿ." ಸರಿ, ಮೆತ್ತನೆಯ ಮಣ್ಣು ತುಂಬಿ ನೆಲಕ್ಕೆ ಸಮ ಮಾಡಿದೆವು. ನಲವತ್ತಮೂರು ವರ್ಷ ನನಗೆ, ಹೆತ್ತವಳಲ್ಲ, ಹೊತ್ತವಳಲ್ಲ. ಆದರೂ ಆ ಮಣ್ಣನ್ನು ಎರಡೆರಡು ಸಲ ಸವರಿ ಬಂದೆ.

ಜ. ೧೧, ಗುರುವಾರ. ಎಳ್ಳಮಾವಾಸ್ಯೆ

ಊರೆಲ್ಲ ಹೊಲದಲ್ಲಿ ಉಣ್ಣುವ ದಿನ. ನಾನು ಬಿಸ್ಕೀಟು ಬಿಚ್ಚಿದ್ದೆ. ಮಾಳಿಂಗನ ಹೆಂಡತಿ ಶೇವಂತೆವ್ವ ಬುತ್ತಿ ಹೊತ್ತು ಬಂದಳು. ಸಜ್ಜಿ ರೊಟ್ಟಿ, ಕಡಬು, ಬದನೆ ಪಲ್ಯ. "ಇಂಥಾ ದಿನಾ ಒಬ್ಬಾಕಿನ ಉಣಬಾರದ್ರಿ ಬಾಯಾರ."

ಭೂಮಿತಾಯಿಗೆಂದು ಬುತ್ತಿಯಿಂದ ಹಿಡಿ ಹಿಡಿ ತೆಗೆದು ನಾಲ್ಕು ದಿಕ್ಕಿಗೂ ಚರಗ ಚೆಲ್ಲಿದಳು. ತಿರುಗಿ, ಗುಂಡಿ ಮುಚ್ಚಿದ ಮಣ್ಣಿನ ಮೇಲೂ ಒಂದು ಹಿಡಿ. "ಯಾರ ಹಡದದ್ದೋ ಏನೋ. ಅದಕ್ಕೂ ಹಸಿವ ಇರತೈತ್ರಿ. ಪ್ಯಾಟಿಗೆ ಒಯ್ಯುವಾಗ ನನಗ ಹೇಳ್ರಿ, ಬುತ್ತಿ ಕಟ್ಟಿ ಕಳಸ್ತೇನಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಎದ್ದು ಹೋಗಿ ಸುಮ್ಮನೆ ಸ್ಕೂಟರ್ ಒರೆಸಿದೆ. ಅಳು ಬಂದಿತ್ತು.

ಜ. ೧೨, ಶುಕ್ರವಾರ, ಸಂಜೆ

ರಸ್ತೆಯವರಿಗೆ ಪತ್ರ ಬರೆದೆ. "ಹದಿನಾಲ್ಕನೇ ಕಿಲೋಮೀಟರ್ ಕಲ್ಲಿನ ಹತ್ತಿರ ರಸ್ತೆಯ ಎಡಕ್ಕೆ ಇಪ್ಪತ್ತು ಮೀಟರ್ ಬುಧವಾರದವರೆಗೆ ಮುಟ್ಟಬಾರದು. ಬಲಕ್ಕೆ ಕೆಲಸ ಮಾಡಬಹುದು." ಸಹಿ, ಸೀಲು. ಮಾಳಿಂಗನಿಗೆ ಓದಿ ಹೇಳಿದೆ. ತಲೆ ಕೆರೆದುಕೊಂಡ.

"ಎಡಕ ಅಂದ್ರ ಯಾರ ಎಡಕ್ರಿ? ಹೋಗೋರದೋ, ಬರೋರದೋ?"

"ಎಡಾ ಅಂದ್ರ ಎಡಾ, ಮಾಳಿಂಗ." ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು ನಕ್ಕು!

ಸಂಕ್ರಾಂತಿಗೆ ಅವನಿಗೂ ರಜೆ ಕೊಟ್ಟೆ. ಪತ್ರ ಇದೆಯಲ್ಲ, ಕಾವಲು ಯಾಕೆ. ನಾನು ನಾಳೆ ಧಾರವಾಡಕ್ಕೆ.

ಜ. ೧೭, ಬುಧವಾರ, ಬೆಳಗ್ಗೆ ೧೧

ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಪ್ಲಾಸ್ಟರಿನ ಚೀಲಗಳು ಇಳಿಸಿಲ್ಲ.

ಇಂಡಿಯಿಂದ ಬರುವಾಗ ಎಡಕ್ಕೆ, ಗಡಿಗೆ ಇದ್ದ ಕಡೆ — ಉದ್ದಕ್ಕೂ ಕಾಲುವೆ. ಆಳೆತ್ತರ ತೋಡಿದ್ದಾರೆ. ಬಲಕ್ಕೆ ಎಲ್ಲ ಇದ್ದ ಹಾಗೇ ಇದೆ. ಜೆಸಿಬಿಯ ಅಯೂಬ ನಗುತ್ತಾ ಬಂದ, ನನ್ನ ಪತ್ರ ಅಂಗಿಯ ಜೇಬಿನಿಂದ ತೆಗೆದು ತೋರಿಸಿದ.

"ನೀವ ಬರದಂಗ ಮಾಡೇನ್ರಿ ಮೇಡಂ. ಎಡಕ ಒಂದ ಜಾಲಿಗಿಡಾನೂ ಮುಟ್ಟಿಲ್ಲ."

ಅವನ ತಪ್ಪಲ್ಲ. ರಸ್ತೆಯವರ ಲೆಕ್ಕ ಸಿಂದಗಿಯಿಂದ ಶುರು, ಎಡ-ಬಲವೂ ಅಲ್ಲಿಂದಲೇ. ನಾನು ದಿನಾ ಇಂಡಿಯಿಂದ ಬರುವವಳು. ನನ್ನ ಎಡ ಅವರ ಬಲ. ಇಷ್ಟೇ. ಕುರಿ ಕಾಯುವವನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಮಾಳಿಂಗ ನಸುಕಿನಿಂದ ಮಣ್ಣಿನ ಗುಡ್ಡೆ ಕೆದಕಿದ್ದಾನೆ. ಸಿಕ್ಕಿದ್ದನ್ನು ಕಂಬಳಿಯಲ್ಲಿ ಗಂಟು ಕಟ್ಟಿ ನನ್ನ ಪಕ್ಕಕ್ಕಿಟ್ಟ. ಬಿಚ್ಚಿಲ್ಲ. ಬಹಳ ಹಗುರ. ಯಾರ ಎಡ ಎಂಬ ಆ ಪ್ರಶ್ನೆಯನ್ನು ಅವನು ಮತ್ತೆ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾಳಿಂಗನ ಮನೆಗೆ ನಾನೇ ನಿನ್ನೆ ಫೋನ್ ಮಾಡಿ ಹೇಳಿದ್ದೆ, ನಾಳೆ ಕೂಸನ್ನು ಒಯ್ಯುತ್ತೇವೆ ಎಂದು. ಅಗೋ, ಕಾಲುದಾರಿಯಲ್ಲಿ ಶೇವಂತೆವ್ವ. ತಲೆಯ ಮೇಲೆ ಬುತ್ತಿ. ಅವಳಿಗೆ ಏನಂತ ಹೇಳಲಿ...