ಹನ್ನೊಂದನೆಯ ಚುಕ್ಕೆ

ವರ್ನಾ,

ಈ ಕಾಗದ ನಿನಗೆ ಕಳಿಸುವುದಿಲ್ಲ. ಕಳಿಸಿದರೂ ಓದದೆ ಹರಿದು ಹಾಕುತ್ತೀಯ.

ಇವತ್ತು ಆಕ್ರನ್‌ನ ನಮ್ಮ ಹಳೆಯ ಲ್ಯಾಬಿನಲ್ಲಿ ಹೊಸ ವಿದ್ಯಾರ್ಥಿನಿ ಥಿಯಾ ನಮ್ಮ ಅಂಕಿಗಳನ್ನೇ ಮತ್ತೆ ಲೆಕ್ಕಕ್ಕೆ ಹಾಕಿದಳು. ಎರಡು ಬಗೆಯ ಮಾನೊಮರ್ ಅಣುಗಳು ಪ್ಲಾಸ್ಟಿಕ್ಕಿನ ಸರಪಳಿಗೆ ಸೇರುವಾಗ ಯಾವುದಕ್ಕೆ ಯಾವುದರ ಮೇಲೆ ಎಷ್ಟು ಒಲವು ಅನ್ನುವ ಅದೇ ಎರಡು ಸಂಖ್ಯೆಗಳು. ಹನ್ನೊಂದು ಪ್ರಯೋಗಗಳಲ್ಲಿ ಒಂದನ್ನು ಬಿಟ್ಟು ನೀನು ಗ್ರಾಫಿನಲ್ಲಿ ಗೆರೆ ಎಳೆದಿದ್ದೆ. ಉಳಿದ ಹತ್ತು ಚುಕ್ಕೆಗಳೂ ಅಷ್ಟು ನೆಟ್ಟಗೆ ಕೂತಾಗಲೇ ನನಗೆ ಅನುಮಾನ. ಮೀಟಿಂಗಿನಲ್ಲಿ ಎಲ್ಲರೆದುರು ನಾನು, "ಬೇಡದ್ದನ್ನ ಬಚ್ಚಿಟ್ಟಿದ್ದೀಯ" ಅಂದೆ. ನೀನು ತುಟಿ ಬಿಚ್ಚಲಿಲ್ಲ. ಆ ವಾರವೇ ನೀನು ಊರು ಬಿಟ್ಟೆ.

"ಡ್ವೇನ್, ಆ ಚುಕ್ಕೆ ಸೇರಿಸಿದ್ರೆ ಎರಡು ಸಂಖ್ಯೆನೂ ನಂಬೋ ಹಾಗಿರಲ್ಲ," ಅಂದಳು ಥಿಯಾ.

"ನೋಡಿದ್ಯಾ? ಅದಕ್ಕೇ ಬಚ್ಚಿಟ್ಟಿದ್ದು!"

"ಬಚ್ಚಿಟ್ಟಿಲ್ಲ. ನೋಟ್‌ಬುಕ್ಕಲ್ಲೇ ಬರೆದಿದ್ದಾರಲ್ಲ. ನೀವು ತೆಗೆದೇ ನೋಡಿಲ್ವಾ?"

ನಿನ್ನದೇ ಅಕ್ಷರ: 'ಮಾದರಿ ಒಣಗಿಲ್ಲ. ತೂಕ ಇಳಿಯುವುದು ನಿಲ್ಲುವ ಮೊದಲೇ ಓವನ್‌ನಿಂದ ತೆಗೆದಿದೆ, ಸರಪಳಿಗೆ ಸೇರದ ಸ್ಟೈರೀನ್ ಉಳಿದುಕೊಂಡಿದೆ. ಲೆಕ್ಕಕ್ಕೆ ಬೇಡ.' ಯಾರು ತೆಗೆದರೆಂದು ಮಾತ್ರ ಬರೆದಿರಲಿಲ್ಲ.

"ಆವತ್ತು ಓವನ್ ಯಾರ ಸರದಿ?" ಥಿಯಾ ಕೇಳಿದಳು.

"ನೆನಪಿಲ್ಲ," ಅಂದೆ.

ಆವತ್ತು ಶುಕ್ರವಾರ. ಫುಟ್‌ಬಾಲ್ ಪಂದ್ಯಕ್ಕೆ ಹೊತ್ತಾಯಿತೆಂದು ಮಾದರಿ ತೆಗೆದಿಟ್ಟು ನಾನು ಓಡುವಾಗ ಬಾಗಿಲು ತೆರೆದು ಹಿಡಿದು ನಿಂತಿದ್ದವಳು ನೀನು.

ಮೀಟಿಂಗಿನಲ್ಲಿ ಯಾಕೆ ಸುಮ್ಮನಿದ್ದೆ? ನನ್ನನ್ನು ಉಳಿಸಲಿಕ್ಕೋ, ಒಂದು ದಿನ ನಾನೇ ಇದನ್ನು ಓದಲಿ ಎಂದೋ? ನೋಡು, ಈಗಲೂ ನಿನ್ನ ಮೇಲೇ ಅನುಮಾನ.

ಥಿಯಾ ಊಟಕ್ಕೆ ಹೊರಟಳು. ದಿನಾ ಎಲ್ಲವನ್ನೂ ನನ್ನ ಮೇಜಿನ ಮೇಲೆ ಬಿಟ್ಟುಹೋಗುವ ಹುಡುಗಿ ಇವತ್ತು ಆ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದಳು.

ಡ್ವೇನ್