ನಾಲೆ ತಿರುವಿನಲ್ಲಿ ನಿಂತ ಕಾರು

ಅಣ್ಣ,

ನಿನ್ನ ಅಂಬಾಸಿಡರ್‌ಗೆ ಕೊನೆಗೂ ಡಿಸ್ಕ್ ಬ್ರೇಕ್ ಹಾಕಿಸಿದೆ. ಪಾಂಡವಪುರದ ಗ್ಯಾರೇಜಿಗೆ ಅಲೆದು ಅಲೆದು ಸುಸ್ತಾಗಿದೆ. ಮುಂದಿನ ಗಾಲಿಗಳಿಂದ ಬಿಚ್ಚಿದ ಹಳೇ ಬ್ರೇಕ್ ಡ್ರಮ್ಮುಗಳನ್ನು ತೋರಿಸಿ ಮೆಕ್ಯಾನಿಕ್ ಶೋಯಬ್ ಭಾಯಿ, "ಇವನ್ನ ಏನ್ ಮಾಡ್ಲಿ?" ಅಂದರು. ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದೆ.

ಇವತ್ತು ಅವ್ವನನ್ನು ಕೂರಿಸಿಕೊಂಡು ಬರುತ್ತಿದ್ದೆ. ಇದೇ ಕಾರಿನ ಬ್ರೇಕ್ ಹಿಡಿಯದೆ ನೀನು ನಾಲೆಯ ಪಾಲಾದ ತಿರುವಿನಲ್ಲೇ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾರು ಅಲ್ಲೇ ನಿಂತಿತು.

ಅವ್ವ ನಾಲೆಯ ನೀರಿನ ಕಡೆ ತಿರುಗಿದಳು. ಆಮೇಲೆ, "ಇಷ್ಟ್ ಬಿರ್ನೆ ನಿಂತ್ಕತದೇನ್ಲಾ?" ಅಂದಳು.

"ಊಂ ಕಣವ್ವ."

"ಮೊದ್ಲೇ ಆಕುಸ್ಬೌದಿತ್ತಾ ಇದ್ನ?"

ಎಮ್ಮೆ ದಾಟಿ ಹೋಯಿತು. ಹಿಂದಿನ ಬಸ್ಸಿನವನು ಹಾರನ್ ಹೊಡೆಯುತ್ತಲೇ ಇದ್ದ. ನನ್ನ ಕಾಲು ಮಾತ್ರ ಬ್ರೇಕಿನಿಂದ ಮೇಲೇಳಲಿಲ್ಲ.